ಪ್ರಶಸ್ತಿ ಬಂದ ಮಾತ್ರಕ್ಕೆ ಶಾಟ್ ಸಾಚಾ ಆಗುವುದಿಲ್ಲ

"ಆಸ್ಕರ್ ಬಂದ ಚಿತ್ರದಲ್ಲೇ ಇದೆಯಲ್ಲ ಸಾರ್, ಇನ್ನೇನು ಪುರಾವೆ ಬೇಕು?" ಸಾಕ್ಷ್ಯಚಿತ್ರಗಳಿಗೆ ಯುದ್ಧದ ಹಳೆಯ ಫುಟೇಜ್ ಹುಡುಕಿಕೊಡುವ ಕಸುಬು ನನ್ನದು. ಈ ಮಾತು ಕೇಳಿ ಕೇಳಿ ಸಾಕಾಗಿದೆ. ಕೇಳುವವರು ದಡ್ಡರಲ್ಲ. ಆದರೆ ಪ್ರಶಸ್ತಿಯ ಹೆಸರು ಬಂದ ಕೂಡಲೇ ಅವರ ಅನುಮಾನವೆಲ್ಲ ಆವಿಯಾಗಿಬಿಡುತ್ತದೆ.

ತೀರ್ಪುಗಾರರು ಮನ್ನಣೆ ಕೊಡುವುದು ಇಡೀ ಚಿತ್ರಕ್ಕೆ. ಅದನ್ನು ಕಟ್ಟಿದ ಬಗೆಗೆ, ಸಂಕಲನಕ್ಕೆ, ಅದು ಹೇಳಿದ ಮಾತಿಗೆ. ಒಂದೊಂದು ಶಾಟನ್ನೂ ಯಾರು, ಎಲ್ಲಿ, ಯಾವತ್ತು ತೆಗೆದರು ಎಂದು ಅವರು ತನಿಖೆಗೆ ಕೂರುವುದಿಲ್ಲ, ಅದು ಅವರ ಕೆಲಸವೂ ಅಲ್ಲ.

ಬೆಂಗಳೂರಿನ ಒಬ್ಬ ಹುಡುಗ ತನ್ನ ತಾತನ ಬಗ್ಗೆ ಚಿತ್ರ ಮಾಡುತ್ತಿದ್ದ. ತಾತ ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದು ಉತ್ತರ ಆಫ್ರಿಕಾದ ಮರಳುಗಾಡಿನಲ್ಲಿ ಕಾದಾಡಿದವರು. ಹುಡುಗ ಬ್ರಿಟಿಷ್ ಯುದ್ಧ ಸಾಕ್ಷ್ಯಚಿತ್ರ 'ಡೆಸರ್ಟ್ ವಿಕ್ಟರಿ'ಯಿಂದ ಈಜಿಪ್ಟಿನ ಎಲ್ ಅಲಮೇನ್‌ನ ರಾತ್ರಿ ದಾಳಿಯ ದೃಶ್ಯ ಎತ್ತಿಟ್ಟುಕೊಂಡು ಬಂದ. ಫಿರಂಗಿಯ ಬೆಳಕಲ್ಲಿ ಸೈನಿಕರ ಮುಖಗಳು. "ಇವರ ಪಕ್ಕದಲ್ಲೇ ನಮ್ಮ ತಾತ ಇದ್ದಿರಬಹುದು" ಅಂದ. ಪಾಪ, ಕಣ್ಣಲ್ಲಿ ನೀರಿತ್ತು. ಆ ಚಿತ್ರ 1943ರದ್ದು, ಆಸ್ಕರ್ ಗೆದ್ದದ್ದೂ ನಿಜ. ಆದರೆ ಅದರ ರಾತ್ರಿ ದಾಳಿಯ ಕೆಲವು ದೃಶ್ಯಗಳನ್ನು ಲಂಡನ್ ಹತ್ತಿರದ ಪೈನ್‌ವುಡ್ ಸ್ಟುಡಿಯೋದಲ್ಲಿ ದೀಪ ಹಾಕಿ ತೆಗೆದರು. ಅದಕ್ಕೆ ಕಾರಣವೂ ಇದೆ. ದಾಳಿ ಶುರುವಾದದ್ದು 1942ರ ಅಕ್ಟೋಬರ್ 23ರ ರಾತ್ರಿ, ಆ ಕಾಲದ ಫಿಲ್ಮಿಗೆ ಕತ್ತಲಲ್ಲಿ ಮುಖ ಹಿಡಿಯುವ ಶಕ್ತಿ ಇರಲಿಲ್ಲ. ಉಳಿದ ಚಿತ್ರದಲ್ಲಿ ಜೀವದ ಹಂಗು ತೊರೆದು ಸೇನೆಯ ಕ್ಯಾಮೆರಾದವರು ತೆಗೆದ ಅಸಲಿ ಶಾಟ್‌ಗಳು ಬೇಕಾದಷ್ಟಿವೆ. ಎರಡೂ ಒಂದೇ ರೀಲಿನಲ್ಲಿ, ಒಂದೇ ಪ್ರಶಸ್ತಿಯ ಅಡಿಯಲ್ಲಿ ಕೂತಿವೆ ಅಷ್ಟೇ.

ಮೊದಲ ಮಹಾಯುದ್ಧದ ಬ್ರಿಟಿಷ್ ಚಿತ್ರ, 1916ರ 'ದಿ ಬ್ಯಾಟಲ್ ಆಫ್ ದಿ ಸೊಮ್' ಇನ್ನೂ ಒಳ್ಳೆಯ ಪಾಠ. ಯುನೆಸ್ಕೋ 2005ರಲ್ಲಿ ಅದನ್ನು 'ಮೆಮೊರಿ ಆಫ್ ದಿ ವರ್ಲ್ಡ್' ಎಂಬ, ಜಗತ್ತಿನ ಮುಖ್ಯ ದಾಖಲೆಗಳ ಪಟ್ಟಿಗೆ ಸೇರಿಸಿತು. ಹಾಥಾರ್ನ್ ರಿಜ್ ಎಂಬ ದಿಣ್ಣೆಯಡಿ ಸುರಂಗದಲ್ಲಿ ತುಂಬಿದ್ದ ಸಿಡಿಮದ್ದು ಸಿಡಿದು ಮಣ್ಣು ಆಕಾಶಕ್ಕೇಳುವ ಶಾಟ್ ಅಸಲಿ. ಕ್ಯಾಮೆರಾಮನ್ ಜೆಫ್ರಿ ಮಾಲಿನ್ಸ್ ಜುಲೈ 1ರ ಬೆಳಿಗ್ಗೆ ಕೈಯಲ್ಲಿ ತಿರುಗಿಸುವ ಕ್ಯಾಮೆರಾದಲ್ಲಿ ಹಿಡಿದದ್ದು. ಆದರೆ ಎಲ್ಲರೂ ಕೇಳುವುದು ಇದನ್ನಲ್ಲ, ಸೈನಿಕರು ಕಂದಕದಿಂದ ಮೇಲೆ ಹತ್ತಿ ಓಡುವುದನ್ನು. ಅದು ಮುಂಚೂಣಿಯಿಂದ ದೂರ, ತರಬೇತಿ ಜಾಗದಲ್ಲಿ ಮಾಡಿಸಿದ ನಟನೆ. ನಿಧಾನಕ್ಕೆ ನೋಡಿ: ಬೆನ್ನ ಮೇಲೆ ಇರಬೇಕಾದ ಹೊರೆ ಇಲ್ಲ. 'ಸತ್ತು' ಬಿದ್ದವನೊಬ್ಬ ಮೆತ್ತಗೆ ಕಾಲ ಮೇಲೆ ಕಾಲು ಹಾಕಿಕೊಳ್ಳುತ್ತಾನೆ! ಯಾವ ಯುದ್ಧದ ಶಾಟ್ ಕಂಡರೂ ನಾನು ಮೊದಲು ಕೇಳಿಕೊಳ್ಳುವುದು, ಕ್ಯಾಮೆರಾ ಎಲ್ಲಿ ನಿಂತಿದೆ ಎಂದು. ಶತ್ರುವಿಗೆ ಬೆನ್ನು ಕೊಟ್ಟು, ಸ್ಟ್ಯಾಂಡ್ ಊರಿ ನಿಂತಿದ್ದರೆ ಅದು ನಾಟಕವೇ ಇರಬೇಕು. ನೂರಕ್ಕೆ ನೂರು ಅಂತ ಹೇಳುವುದಿಲ್ಲ, ಆದರೆ ಅಲ್ಲಿಂದ ಹುಡುಕಾಟ ಶುರುಮಾಡಿ.

ಶಬ್ದವೂ ಹಾಗೆಯೇ. ಮೊದಲ ಮಹಾಯುದ್ಧದ ಫಿಲ್ಮ್ ಮೂಕ. ಎರಡನೆಯದರಲ್ಲೂ ಕೈಯಲ್ಲಿ ಹಿಡಿದು ಓಡುತ್ತಿದ್ದ ಐಮೋ ಕ್ಯಾಮೆರಾಕ್ಕೆ ಧ್ವನಿ ಹಿಡಿಯುವುದು ಗೊತ್ತಿರಲಿಲ್ಲ. ಗುಂಡಿನ ಸದ್ದು ಕೇಳಿಸಿದರೆ ಬಹುಪಾಲು ಅದು ಆಮೇಲೆ ಸೇರಿಸಿದ್ದು.

ಅಮೆರಿಕದ ಸೇನೆಗಾಗಿ ಫ್ರಾಂಕ್ ಕ್ಯಾಪ್ರಾ ಮಾಡಿದ 'ಪ್ರಿಲ್ಯೂಡ್ ಟು ವಾರ್' ವಿಷಯ ಇನ್ನೂ ಸಿಕ್ಕು. ಅದೂ ಆಸ್ಕರ್ ಪಡೆದದ್ದು. ಅದರಲ್ಲಿ ಜರ್ಮನ್ ನಿರ್ದೇಶಕಿ ಲೆನಿ ರೀಫೆನ್‌ಸ್ಟಾಲ್ ನಾಜಿಗಳಿಗಾಗಿ ತೆಗೆದ ನ್ಯೂರೆಂಬರ್ಗ್ ಸಮಾವೇಶದ ಶಾಟ್‌ಗಳಿವೆ. ಅವನ್ನು ತಂದು "ಆಗಿನ ಜರ್ಮನ್ ಜನರ ಮನಸ್ಸು" ಎಂದು ತೋರಿಸುವವರಿಗೆ, ಆ ಸಮಾವೇಶವೇ ಕ್ಯಾಮೆರಾಕ್ಕೆ ತಕ್ಕಂತೆ ಸಜ್ಜಾಗಿತ್ತು ಎಂದು ಎಷ್ಟು ಸಲ ಹೇಳುವುದು?

ಹಾಗಂತ ಮರುಸೃಷ್ಟಿ ಮುಟ್ಟಲೇಬೇಡಿ ಅನ್ನುತ್ತಿಲ್ಲ. ನಿರ್ದೇಶಕ ಪೀಟರ್ ಜಾಕ್ಸನ್ ಮೊದಲ ಮಹಾಯುದ್ಧದ ಬಗ್ಗೆ ಮಾಡಿದ 2018ರ 'ದೇ ಶಲ್ ನಾಟ್ ಗ್ರೋ ಓಲ್ಡ್' ಚಿತ್ರದಲ್ಲಿ ಇಂಪೀರಿಯಲ್ ವಾರ್ ಮ್ಯೂಸಿಯಂನ ಫುಟೇಜ್‌ಗೆ ಬಣ್ಣ ಹಾಕಿದರು, ತುಟಿ ಓದುವವರನ್ನು ಕೂರಿಸಿ ಮಾತು ಕೊಡಿಸಿದರು. ಕೈಕೈ ಮಿಲಾಯಿಸುವ ಕದನಕ್ಕೆ ಫುಟೇಜ್ ಇರಲಿಲ್ಲವಲ್ಲ, ಅಲ್ಲಿ ಆ ಕಾಲದ ಪತ್ರಿಕೆಯಲ್ಲಿ ಕೈಯಿಂದ ಬಿಡಿಸಿದ ಚಿತ್ರಗಳನ್ನು ಬಳಸಿದರು. ಬಣ್ಣದ ಬಗ್ಗೆ ನನಗೆ ತಕರಾರಿದೆ, ಆ ಚಿತ್ರಗಳ ಬಗ್ಗೆ ಇಲ್ಲ. ಜಾಕ್ಸನ್‌ರ ಚಿತ್ರಕ್ಕೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯ ನಾಮನಿರ್ದೇಶನವೂ ಸಿಕ್ಕಿತು. ಫುಟೇಜ್ ಇಲ್ಲದ ಕಡೆ ಇಲ್ಲ ಅಂತ ಒಪ್ಪಿಕೊಂಡರೆ ಪ್ರಶಸ್ತಿ ತಪ್ಪಿಹೋಗುತ್ತದೆ ಎಂಬ ಭಯ ಬಿಡಿ.

ನನ್ನ ಹತ್ತಿರ ಬರುವಾಗ ಪ್ರತಿ ಶಾಟಿಗೂ ಟೈಮ್‌ಕೋಡ್, ಅಂದರೆ ಅದು ಚಿತ್ರದ ಎಷ್ಟನೇ ನಿಮಿಷ-ಸೆಕೆಂಡಿನಲ್ಲಿದೆ ಎಂದು, ಬರೆದ ಪಟ್ಟಿ ತನ್ನಿ. ಸಂಗ್ರಹಾಲಯದಲ್ಲಿ ಡೋಪ್ ಶೀಟ್, ಅಂದರೆ ಕ್ಯಾಮೆರಾಮನ್ ತಾನು ತೆಗೆದದ್ದನ್ನು ಬರೆದಿಟ್ಟ ಚೀಟಿ, ಉಳಿದಿದ್ದರೆ ಸ್ಥಳ, ತಾರೀಖು ಅಲ್ಲೇ ಸಿಗುತ್ತದೆ. ಕಾಪಿರೈಟ್ ಹಕ್ಕಿನ ಪ್ರಶ್ನೆಗೆ ನಾನು ಉತ್ತರಿಸಲಾರೆ, ವಕೀಲರನ್ನು ಕೇಳಿ. ಹಳೆಯದೆಲ್ಲ ಪುಕ್ಕಟೆಯಲ್ಲ. ಮತ್ತೆ, ದಯವಿಟ್ಟು, ಫೆಸ್ಟಿವಲ್ ಡೆಡ್‌ಲೈನ್ ಹಿಂದಿನ ದಿನ ಫೋನ್ ಮಾಡಬೇಡಿ. ಸಂಗ್ರಹಾಲಯದ ಉತ್ತರಕ್ಕೆ ವಾರಗಟ್ಟಲೆ ಕಾಯಬೇಕು.