ಟೆಲಿಸ್ಕೋಪ್ ಪಕ್ಕದಲ್ಲಿ ನಿಂತವರು

ಹವ್ಯಾಸಿ ಖಗೋಳ ಸಂಘದವರು ಬಯಲಲ್ಲಿ ಟೆಲಿಸ್ಕೋಪ್ ಇಟ್ಟು ಜನರಿಗೆ ಆಕಾಶ ತೋರಿಸುವ ರಾತ್ರಿ ಪದೇ ಪದೇ ಕಿವಿಗೆ ಬೀಳುವ ಮಾತು, 'ಏನೂ ಕಾಣ್ತಾ ಇಲ್ವಲ್ಲ.' ಅಷ್ಟು ಹೊತ್ತು ಸಾಲಿನಲ್ಲಿ ನಿಂತವರು ಐಪೀಸಿಗೆ (ನೋಡುವ ತುದಿಯ ಪುಟ್ಟ ಮಸೂರಕ್ಕೆ) ಕಣ್ಣಿಟ್ಟು, ಎರಡೇ ಸೆಕೆಂಡಿಗೆ ತಲೆ ಎತ್ತಿಬಿಡುತ್ತಾರೆ. ಪಕ್ಕದಲ್ಲಿರುವ ಸಂಘದ ಸದಸ್ಯರು ಆಗ ಏನು ಮಾಡುತ್ತಾರೆ ಅನ್ನುವುದೇ ಮುಖ್ಯ. ಒಳ್ಳೆಯ ಟೆಲಿಸ್ಕೋಪ್ ದುಡ್ಡು ಕೊಟ್ಟರೆ ಸಿಗುತ್ತದೆ. ನೋಡುವುದನ್ನು ಕಲಿಸುವವರು ಸಿಗುವುದು ಸಂಘದಲ್ಲಿ.

ಕಾಣದೇ ಇರುವುದಕ್ಕೆ ಕಾರಣಗಳಿವೆ. ಐಪೀಸಿನಿಂದ ಹೊರಬರುವ ಬೆಳಕಿನ ಕಿರಣ ಒಂದೆರಡು ಮಿಲಿಮೀಟರಿನಷ್ಟು ಸಣ್ಣದು. ತಲೆ ಸ್ವಲ್ಪ ಆಚೀಚೆ ಆದರೂ ಎಲ್ಲಾ ಕತ್ತಲು. ಇನ್ನು ಕೆಲವರು ಬೀಳದಿರಲಿ ಅಂತ ಕೊಳವೆಯನ್ನೇ ಹಿಡಿದುಕೊಳ್ಳುತ್ತಾರೆ, ಅದು ಜರುಗಿಬಿಡುತ್ತದೆ. ಯಾರೂ ಮುಟ್ಟದಿದ್ದರೂ ಗ್ರಹ ಅಲ್ಲೇ ನಿಲ್ಲುವುದಿಲ್ಲ. ಭೂಮಿ ತಿರುಗುವುದರಿಂದ ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ. 100 ಪಟ್ಟು ದೊಡ್ಡದು ಮಾಡುವ ಐಪೀಸಿನಲ್ಲಿ ಕಾಣುವ ಆಕಾಶ ಸುಮಾರು ಅರ್ಧ ಡಿಗ್ರಿ ಮಾತ್ರ. ಹಾಗಾಗಿ ಮೋಟಾರಿಲ್ಲದ ಟೆಲಿಸ್ಕೋಪಿನಲ್ಲಿ ಶನಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಎರಡು ನಿಮಿಷದಲ್ಲಿ ಹೋಗಿಬಿಡುತ್ತದೆ. ಅನುಭವಿಗಳು ಕೊಳವೆಯನ್ನು ಬೆರಳಿನಿಂದ ಒಂಚೂರು ಮುಂದಕ್ಕೆ ತಳ್ಳಿಟ್ಟು, ಗ್ರಹ ಅಂಚಿನಿಂದ ಒಳಗೆ ಬರುವ ಹಾಗೆ ಮಾಡುತ್ತಾರೆ. 'ಅದು ಸರಿಯುತ್ತಿದೆ ಅಲ್ವಾ? ತಿರುಗುತ್ತಿರುವುದು ನಾವು' ಅಂತ ಒಂದು ಮಾತು ಸೇರಿಸುತ್ತಾರೆ. ಭೂಮಿ ತಿರುಗುವುದನ್ನು ಕಣ್ಣಾರೆ ಕಾಣಲು ಇದಕ್ಕಿಂತ ಸುಲಭದ ದಾರಿ ನನಗಂತೂ ಗೊತ್ತಿಲ್ಲ.

ಒಳ್ಳೆಯ ಮಾರ್ಗದರ್ಶಕರು ಜಾಸ್ತಿ ವಿವರಿಸುವುದಿಲ್ಲ, ಪ್ರಶ್ನೆ ಕೇಳುತ್ತಾರೆ. 'ಉಂಗುರಕ್ಕೂ ಗ್ರಹಕ್ಕೂ ನಡುವೆ ಕಪ್ಪು ಸಂದಿ ಕಾಣ್ತಾ? ಸ್ವಲ್ಪ ದೂರದಲ್ಲಿ ಒಂದು ಚುಕ್ಕಿ ಇದೆಯಾ ನೋಡಿ.' ಆ ಚುಕ್ಕಿ ಶನಿಯ ದೊಡ್ಡ ಚಂದ್ರ ಟೈಟನ್. ಹುಡುಕಲು ಹೊರಟ ಕಣ್ಣು ಎರಡು ಸೆಕೆಂಡಿಗೆ ಏಳುವುದಿಲ್ಲ. ಅಷ್ಟರಲ್ಲಿ ಗಾಳಿಯ ನಡುಕ ಒಂದು ಕ್ಷಣ ನಿಂತು ಚಿತ್ರ ಸ್ಪಷ್ಟವಾಗುತ್ತದೆ. 'ಒಳಗೆ ಚಿತ್ರ ಅಂಟಿಸಿದ್ದೀರಾ?' ಅಂತ ಜನ ಕೇಳುವುದು ಆಗಲೇ. ಆ ಬೆಳಕು ಶನಿಯಿಂದ ಹೊರಟು ಸುಮಾರು 80 ನಿಮಿಷ ಆಗಿರುತ್ತದೆ.

ಸಾರ್ವಜನಿಕ ವೀಕ್ಷಣೆಗೆ ಹುಣ್ಣಿಮೆ ಒಳ್ಳೆಯ ದಿನ ಅಂತ ಹಲವರು ಅಂದುಕೊಂಡಿದ್ದಾರೆ. ಆದರೆ ಸಂಘಗಳು ಆರಿಸಿಕೊಳ್ಳುವುದು ಸಾಮಾನ್ಯವಾಗಿ ಶುಕ್ಲಪಕ್ಷದ ಅಷ್ಟಮಿಯ ಆಸುಪಾಸಿನ ದಿನಗಳನ್ನು. ಹುಣ್ಣಿಮೆಯಂದು ಸೂರ್ಯನ ಬೆಳಕು ಚಂದ್ರನ ಮೇಲೆ ನೇರ ಬಿದ್ದು ನೆರಳೇ ಇರುವುದಿಲ್ಲ, ನೆಲ ಚಪ್ಪಟೆಯಾಗಿ ಕಾಣುತ್ತದೆ. ಅಷ್ಟಮಿಯಲ್ಲಿ ಬೆಳಕು ಮತ್ತು ಕತ್ತಲು ಸೇರುವ ಗೆರೆಯ ಮೇಲೆ ಕುಳಿಗಳ ಅಂಚು ಉದ್ದುದ್ದ ನೆರಳು ಬೀರುತ್ತದೆ. ಕೆಲವು ಕುಳಿಗಳ ತಳ ಇನ್ನೂ ಕತ್ತಲಲ್ಲಿರುವಾಗ ನಡುವಿನ ಬೆಟ್ಟದ ತುದಿಗೆ ಮಾತ್ರ ಬಿಸಿಲು ತಾಗಿ, ಕಪ್ಪಿನ ಮಧ್ಯೆ ಒಂದು ಬಿಳಿ ಚುಕ್ಕಿ ಹೊಳೆಯುತ್ತದೆ. ಗಂಟೆ ಬಿಟ್ಟು ಮತ್ತೆ ನೋಡಿದರೆ ಅದು ದೊಡ್ಡದಾಗಿರುತ್ತದೆ. ಚಂದ್ರನ ಮೇಲೆ ಬೆಳಗಾಗುವುದನ್ನು ಹೀಗೆ ನಿಂತಲ್ಲೇ ನೋಡಬಹುದು. ಇನ್ನೊಂದು ಅನುಕೂಲ: ಅಷ್ಟಮಿ ಚಂದ್ರ ನಡುರಾತ್ರಿಯ ಹೊತ್ತಿಗೆ ಮುಳುಗುತ್ತದೆ. ಆಮೇಲೆ ಮಬ್ಬಾದವುಗಳ ಸರದಿ.

ಮಬ್ಬಾದವುಗಳಿಗೆ ಕಣ್ಣನ್ನೇ ತಯಾರು ಮಾಡಬೇಕು. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಕಣ್ಣಿನ ಹಿಂಭಾಗದ ಪರದೆ ರೆಟಿನಾ. ಅದರಲ್ಲಿ ಮಂದ ಬೆಳಕಿಗೆ ಸ್ಪಂದಿಸುವ ರಾಡ್ ಕೋಶಗಳಿವೆ. ಅವುಗಳಲ್ಲಿ ಬೆಳಕು ಹಿಡಿಯುವ ರೊಡಾಪ್ಸಿನ್ ಅನ್ನುವ ವಸ್ತು ನಿಧಾನವಾಗಿ ಮತ್ತೆ ಕೂಡಿಕೊಳ್ಳುತ್ತದೆ. ಯಾರೋ ಒಬ್ಬರು ಸುಮ್ನೆ ಮೊಬೈಲ್ ತೆಗೆದರೆ ಸುತ್ತ ಇದ್ದವರೆಲ್ಲರ ತಯಾರಿಯೂ ಹಾಳು. ಆದ್ದರಿಂದಲೇ ಸಂಘದವರು ಟಾರ್ಚಿಗೆ ಕೆಂಪು ಹಾಳೆ ಸುತ್ತಿರುತ್ತಾರೆ. ಮಂದ ಕೆಂಪು ಬೆಳಕು ರಾಡ್ ಕೋಶಗಳನ್ನು ಅಷ್ಟಾಗಿ ಕೆಣಕುವುದಿಲ್ಲ. ಆಮೇಲೆ ಬರುತ್ತದೆ ವಿಚಿತ್ರ ಅನ್ನಿಸುವ ಸಲಹೆ: 'ನೇರ ನೋಡಬೇಡಿ, ಸ್ವಲ್ಪ ಪಕ್ಕಕ್ಕೆ ನೋಡಿ.' ರೆಟಿನಾದ ನಟ್ಟನಡುವೆ ರಾಡ್ ಕೋಶಗಳೇ ಇಲ್ಲ, ಅವು ದಟ್ಟವಾಗಿರುವುದು ಸುತ್ತಲೂ. ದೇವಯಾನಿ (ಆಂಡ್ರೊಮಿಡಾ) ಗ್ಯಾಲಕ್ಸಿಯ ಹೊರಭಾಗ ಹೀಗೆ ಓರೆಗಣ್ಣಿಗೆ ಮಾತ್ರ ಸಿಕ್ಕುತ್ತದೆ. ಕೊಳವೆಯನ್ನು ಮೆಲ್ಲಗೆ ತಟ್ಟಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ, ಯಾಕಂದ್ರೆ ಅಲುಗಾಡುವುದನ್ನು ಕಣ್ಣು ಬೇಗ ಹಿಡಿಯುತ್ತದೆ. ಕಾಣುವುದು ಬೂದು ಬಣ್ಣದ ಒಂದು ಮಸುಕು, ಅಷ್ಟೇ. ಬಣ್ಣಬಣ್ಣದ ಫೋಟೋ ನೋಡಿ ಬಂದವರಿಗೆ ಬೇಸರವಾಗಬಹುದು. ಆ ಮಸುಕು ಸುಮಾರು 25 ಲಕ್ಷ ವರ್ಷ ಹಳೆಯ ಬೆಳಕು, ಅದು ಹೊರಟಾಗ ನಮ್ಮ ಜಾತಿಯ ಮನುಷ್ಯರೇ ಇರಲಿಲ್ಲ ಅಂತ ಪಕ್ಕದವರು ಹೇಳಿದ ಮೇಲೆ ಅದೇ ಜನ ಇನ್ನೊಮ್ಮೆ ಬಗ್ಗಿ ನೋಡುತ್ತಾರೆ.

ಬೀದಿಗೆ ಟೆಲಿಸ್ಕೋಪ್ ತಂದು ದಾರಿಹೋಕರಿಗೆ ತೋರಿಸುವ ಪದ್ಧತಿಯನ್ನು ಜಗತ್ತಿನಲ್ಲಿ ಬೆಳೆಸಿದವರಲ್ಲಿ ಜಾನ್ ಡಾಬ್ಸನ್ ದೊಡ್ಡ ಹೆಸರು. ಅವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಾಮಕೃಷ್ಣ ಪರಂಪರೆಯ ಸನ್ಯಾಸಿಯಾಗಿದ್ದರು. ಸಿಕ್ಕ ಗಾಜು, ಹಲಗೆ, ರಟ್ಟಿನ ಕೊಳವೆಗಳಿಂದ ಟೆಲಿಸ್ಕೋಪ್ ಮಾಡಿ ಜನರಿಗೆ ತೋರಿಸುವ ಹುಚ್ಚು. 1967ರಲ್ಲಿ ಆಶ್ರಮ ಬಿಡಬೇಕಾಯಿತು. ಮರುವರ್ಷವೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೀದಿಬದಿ ಖಗೋಳ ವೀಕ್ಷಕರ ಗುಂಪೊಂದು ಶುರುವಾಯಿತು. ಮರದ ಪೆಟ್ಟಿಗೆಯ ಮೇಲೆ ಕೈಯಿಂದಲೇ ತಿರುಗುವ ಅವರ ಸರಳ ವಿನ್ಯಾಸಕ್ಕೆ ಇವತ್ತು 'ಡಾಬ್ಸೋನಿಯನ್' ಅಂತಲೇ ಹೆಸರು. 200 ಮಿಲಿಮೀಟರ್ ಕನ್ನಡಿಯ ಒಂದು ಡಾಬ್ಸೋನಿಯನ್, ಕತ್ತಲಲ್ಲಿ ಅರಳಿದ ಕಣ್ಣಿಗಿಂತ ಸುಮಾರು 800 ಪಟ್ಟು ಬೆಳಕು ಕೂಡಿಹಾಕುತ್ತದೆ.

ಕೆಲವು ಸಂಘಗಳಲ್ಲಿ ಕನ್ನಡಿಯನ್ನೂ ಕೈಯಲ್ಲೇ ಉಜ್ಜುತ್ತಾರೆ. ಎರಡು ಗಾಜಿನ ಬಿಲ್ಲೆಗಳ ನಡುವೆ ನೀರು, ಗಾಜನ್ನೂ ಸವೆಸುವ ಕಾರ್ಬೊರಂಡಮ್ ಪುಡಿ ಹಾಕಿ ಉಜ್ಜುತ್ತಾ ಹೋದರೆ ಮೇಲಿನದು ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ಆ ತಗ್ಗಾದ ಬಿಲ್ಲೆಯೇ ಕನ್ನಡಿ. ಅದರ ಆಕಾರದಲ್ಲಿ ಕೊನೆಗೆ ಉಳಿಯುವ ತಪ್ಪು ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ ಇರಬೇಕು. ಇಷ್ಟು ಸಣ್ಣದನ್ನು ಅಳೆಯಲು ಬೇಕಾಗಿರುವುದು ಒಂದು ದೀಪ, ಒಂದು ಬ್ಲೇಡು. ಕನ್ನಡಿಯಿಂದ ಮರಳಿ ಬರುವ ದೀಪದ ಬೆಳಕನ್ನು ಬ್ಲೇಡಿನ ಅಂಚಿನಿಂದ ತಡೆದರೆ, ಉಬ್ಬುತಗ್ಗುಗಳು ನೆರಳಾಗಿ ಕಾಣುತ್ತವೆ. ಫ್ರಾನ್ಸಿನ ಭೌತವಿಜ್ಞಾನಿ ಲಿಯೋನ್ ಫೂಕೋ 1858ರಲ್ಲಿ ಕೊಟ್ಟ ವಿಧಾನ ಇದು. ಈ ಪರೀಕ್ಷೆ ಎಷ್ಟು ಸೂಕ್ಷ್ಮ ಅಂದರೆ, ಗಾಜಿನ ಮೇಲೆ ಹೆಬ್ಬೆರಳನ್ನು ಸ್ವಲ್ಪ ಹೊತ್ತು ಇಟ್ಟು ತೆಗೆದರೆ, ಅದರ ಬಿಸಿಗೆ ಗಾಜು ಉಬ್ಬಿದ ಜಾಗ ಗುಡ್ಡದ ಹಾಗೆ ಕಾಣುತ್ತದೆ. ಗಾಜು ತಣ್ಣಗಾಗುವ ತನಕ ಎಲ್ಲರೂ ಕಾಯುತ್ತಾರೆ.

ಹಗಲಲ್ಲಿ ಸೂರ್ಯನ ಕಲೆಗಳನ್ನು ತೋರಿಸುವುದೂ ಉಂಟು. ಇಲ್ಲಿ ನಿಯಮ ಒಂದೇ, ಸಡಿಲ ಮಾಡುವಂತಿಲ್ಲ. ಸೌರ ಫಿಲ್ಟರ್ ಕೊಳವೆಯ ಮುಂಭಾಗದಲ್ಲೇ ಇರಬೇಕು. ಐಪೀಸಿಗೆ ಹಾಕುವ ಫಿಲ್ಟರ್ ಬಿಸಿಗೆ ಸೀಳಬಹುದು, ಕಣ್ಣು ಹೋಗುತ್ತದೆ. ಗುರಿ ಹುಡುಕಲು ಪಕ್ಕದಲ್ಲಿ ಕೂರಿಸಿದ ಪುಟ್ಟ ಟೆಲಿಸ್ಕೋಪಿಗೂ (ಫೈಂಡರ್) ಮುಚ್ಚಳ ಹಾಕಿರಬೇಕು.

ಜನ ಹೋದ ಮೇಲೆ ಸಂಘದವರು ತಮ್ಮ ಕೆಲಸಕ್ಕೆ ಕೂರುತ್ತಾರೆ. ಕೆಲವರಿಗೆ ಹೊಳಪು ಬದಲಿಸುವ ನಕ್ಷತ್ರಗಳ ಲೆಕ್ಕ ಇಡುವ ಅಭ್ಯಾಸ. ಅಮೆರಿಕದಲ್ಲಿ 1911ರಲ್ಲಿ ಶುರುವಾದ ಎಎವಿಎಸ್‌ಒ (ಹೊಳಪು ಬದಲಿಸುವ ನಕ್ಷತ್ರಗಳ ವೀಕ್ಷಕರ ಅಮೆರಿಕನ್ ಸಂಘ) ಜಗತ್ತಿನ ಹವ್ಯಾಸಿಗಳ ಇಂಥ ಲೆಕ್ಕಗಳನ್ನು ಕೂಡಿಡುತ್ತಿದೆ. 2019ರ ಕೊನೆಯಲ್ಲಿ ಆರಿದ್ರಾ ನಕ್ಷತ್ರ ಮಂಕಾಗಲು ಶುರುವಾಗಿ, 2020ರ ಫೆಬ್ರವರಿ ಹೊತ್ತಿಗೆ ಮಾಮೂಲಿ ಹೊಳಪಿನ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯಿತು. ರೋಹಿಣಿಯ ಪಕ್ಕ ಇಟ್ಟು ಹೋಲಿಸಿದರೆ ಬರಿಗಣ್ಣಿಗೇ ಗೊತ್ತಾಗುತ್ತಿತ್ತು. ಇದಕ್ಕೆ ಆ ನಕ್ಷತ್ರವೇ ಉಗುಳಿದ ಅನಿಲ ತಣ್ಣಗಾಗಿ ಧೂಳಾದದ್ದು ಮುಖ್ಯ ಕಾರಣ ಅಂತ ಆಮೇಲೆ ತಿಳಿಯಿತು.

ಸೇರಲು ಸ್ವಂತ ಟೆಲಿಸ್ಕೋಪ್ ಬೇಕಿಲ್ಲ. 1995ರ ಜುಲೈನಲ್ಲಿ ಥಾಮಸ್ ಬಾಪ್ ಅರಿಝೋನಾದ ಮರುಭೂಮಿಯಲ್ಲಿ ಸ್ನೇಹಿತರ ಜೊತೆ ನಕ್ಷತ್ರ ನೋಡುತ್ತಿದ್ದರು. ಅವರ ಬಳಿ ಟೆಲಿಸ್ಕೋಪ್ ಇರಲಿಲ್ಲ. ಸ್ನೇಹಿತನ ಡಾಬ್ಸೋನಿಯನ್‌ನಲ್ಲಿ ಒಂದು ನಕ್ಷತ್ರಗುಚ್ಛದ ಪಕ್ಕ ನಕ್ಷೆಯಲ್ಲಿಲ್ಲದ ಮಸುಕು ಕಂಡಿತು. ಅದೇ ರಾತ್ರಿ ಅಲನ್ ಹೇಲ್ ಕೂಡ ಬೇರೆ ಊರಲ್ಲಿ ಅದನ್ನು ಕಂಡಿದ್ದರು. ಹೇಲ್-ಬಾಪ್ ಧೂಮಕೇತು ಸುಮಾರು 18 ತಿಂಗಳು ಬರಿಗಣ್ಣಿಗೆ ಕಂಡಿತು.

ಹಾಗಾಗಿ ಕೊಳ್ಳುವ ಮೊದಲು ಒಮ್ಮೆ ಸಂಘಕ್ಕೆ ಹೋಗಿ ಬನ್ನಿ. ಕೊಳ್ಳಲೇಬೇಕು ಅನಿಸಿದರೆ 10×50 ಬೈನಾಕ್ಯುಲರ್ (ಹತ್ತು ಪಟ್ಟು ದೊಡ್ಡದು ಮಾಡುವ, 50 ಮಿಲಿಮೀಟರ್ ಮಸೂರದ್ದು) ಸಾಕು, ಅಲುಗದಂತೆ ಹಿಡಿದರೆ ಗುರುವಿನ ಚಂದ್ರಗಳೂ ಕಾಣುತ್ತವೆ. ವೀಕ್ಷಣೆಗೆ ಹೋದಾಗ ಸಾಲು ಕರಗುವ ತನಕ ಉಳಿಯಿರಿ. ಸದಸ್ಯರು ದೊಡ್ಡ ಟೆಲಿಸ್ಕೋಪನ್ನು ತಮಗೆ ಇಷ್ಟವಾದ ಕಡೆ ತಿರುಗಿಸುವುದು ಆಗಲೇ, ಕೇಳಿದರೆ ನಿಮಗೂ ತೋರಿಸುತ್ತಾರೆ.