ಗೇರ್ ರಾಡಿನ ರಬ್ಬರ್ ಕವಚ: ಕರಾವಳಿಯ ಹವೆಯಲ್ಲಿ ತಯಾರಿಸುವ ಬಗೆ

ಗೇರ್ ಲಿವರಿನಿಂದ ಗೇರ್‌ಬಾಕ್ಸಿನವರೆಗಿನ ರಾಡು, ಕೀಲು ಮತ್ತು ರಾಡನ್ನು ಹಿಡಿದು ಜಾರಗೊಡುವ ಬಳೆಗಳಾದ ಬುಶ್‌ಗಳನ್ನು ಕಾಯುವ ಭಾಗಗಳನ್ನು ಅಭ್ಯಸಿಸಲು ಪೋರ್ಷೆ 914 ಒಳ್ಳೆಯ ಮಾದರಿ. 1969ರಿಂದ 1976ರವರೆಗೆ ತಯಾರಾದ ಈ ಕಾರಿನಲ್ಲಿ ಎಂಜಿನ್ ಆಸನಗಳ ಹಿಂದೆ, ಹಿಂದಿನ ಆ್ಯಕ್ಸಲಿನ ಮುಂದೆ ಇರುತ್ತದೆ. ಗೇರ್‌ಬಾಕ್ಸ್ ಅದಕ್ಕೂ ಹಿಂದೆ. ಆದ್ದರಿಂದ ಚಾಲಕನ ಪಕ್ಕದ ಲಿವರಿನಿಂದ ಹೊರಟ ರಾಡು ನೆಲದ ಸುರಂಗದೊಳಗೆ ಸಾಗಿ, ಆಸನದ ಹಿಂದಿನ ಗೋಡೆಯನ್ನು ತೂರಿ, ಎಂಜಿನನ್ನು ದಾಟಿ ಹೋಗಬೇಕು. 1972ರವರೆಗಿನ ಮಾದರಿಗಳಲ್ಲಿ ಅದು ಗೇರ್‌ಬಾಕ್ಸಿನ ಬಾಲದ ತುದಿಯವರೆಗೂ ಹೋಗುತ್ತಿತ್ತು. 1973ರ ಮಾದರಿಯಿಂದ ಪಕ್ಕದಲ್ಲೇ ಜೋಡಣೆ ಬಂದು ಗೇರ್ ಬೀಳುವ ಬಗೆ ಸುಧಾರಿಸಿತು. ದಾರಿ ಉದ್ದವಾದಷ್ಟು ಕೀಲುಗಳು ಹೆಚ್ಚು, ನೀರು ಮತ್ತು ಮಣ್ಣು ನುಗ್ಗುವ ಎಡೆಗಳೂ ಹೆಚ್ಚು. ಕಾರವಾರದಿಂದ ಭಟ್ಕಳದವರೆಗಿನ ಹೆದ್ದಾರಿಯ ಉಪ್ಪುಗಾಳಿ ಮತ್ತು ದೇವಿಮನೆ ಘಟ್ಟದ ಕೆಂಪು ರಾಡಿ ಎರಡನ್ನೂ ಬಲ್ಲ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಳೆಯ ರಬ್ಬರನ್ನು ಅಳೆದು ಹಾಗೆಯೇ ನಕಲು ಮಾಡುವುದು ಸುಲಭವೆನಿಸಿದರೂ, ಐವತ್ತು ವರ್ಷದ ರಬ್ಬರು ಎಣ್ಣೆ ಕುಡಿದು ಉಬ್ಬಿರುತ್ತದೆ, ಇಲ್ಲವೇ ಒಣಗಿ ಕುಗ್ಗಿರುತ್ತದೆ. ಅದರ ಅಳತೆಯನ್ನು ನಂಬುವಂತಿಲ್ಲ. ಮೊದಲು ಅಳೆಯಬೇಕಾದದ್ದು ರಾಡಿನ ಚಲನೆಯನ್ನು. ಅದಕ್ಕೆ ಎರಡು ಬಗೆಯ ಚಲನೆಗಳಿವೆ: ಗೇರ್ ಹಾಕುವಾಗ ಹಿಂದೆ ಮುಂದೆ ಸರಿಯುವುದು ಒಂದು, ಲಿವರನ್ನು ಎಡಕ್ಕೋ ಬಲಕ್ಕೋ ಒಯ್ದಾಗ ತನ್ನ ಅಕ್ಷದ ಸುತ್ತ ತಿರುಗುವುದು ಇನ್ನೊಂದು. ಮಡಿಕೆಗಳುಳ್ಳ ಬೆಲ್ಲೋಸ್ ಕವಚವು ಮೊದಲನೆಯದನ್ನು ಸಲೀಸಾಗಿ ತಾಳುತ್ತದೆ, ಎರಡನೆಯದನ್ನು ತಾಳುವುದಿಲ್ಲ. ಎರಡೂ ತುದಿಗಳನ್ನು ಕ್ಲಿಪ್ ಹಾಕಿ ಬಿಗಿದರೆ ಪ್ರತಿ ತಿರುವಿಗೂ ಮಡಿಕೆಗಳು ಹಿಂಡಿಕೊಂಡು, ಕೊನೆಗೆ ಮಡಿಕೆಯ ಬುಡದಲ್ಲೇ ಸೀಳುತ್ತವೆ. ಆದ್ದರಿಂದ ಅಗಲದ ತುದಿಯನ್ನು ಮಾತ್ರ ಗೋಡೆಗೆ ಬಿಗಿದು, ಕಿರಿದಾದ ತುದಿಯನ್ನು ಅಸೆಟಾಲ್ ಪ್ಲಾಸ್ಟಿಕ್ಕಿನ ಉಂಗುರದ ಮೇಲೆ ಕೂರಿಸಿ, ಆ ಉಂಗುರದೊಳಗೆ ರಾಡು ತಿರುಗುವಂತೆಯೂ, ಅಕ್ಕಪಕ್ಕದಲ್ಲಿ ರಾಡಿಗೆ ತೊಡಿಸಿದ ತಡೆಬಳೆಗಳಾದ ಸರ್ಕ್ಲಿಪ್‌ಗಳಿಂದಾಗಿ ಉಂಗುರವು ರಾಡಿನೊಂದಿಗೇ ಹಿಂದೆ ಮುಂದೆ ಸರಿಯುವಂತೆಯೂ ಮಾಡುವುದು ಉತ್ತಮ.

ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡೋಣ. ನ್ಯೂಟ್ರಲ್‌ನಿಂದ ಎರಡೂ ಕಡೆಗೆ 20 ಮಿ.ಮೀ.ಯಂತೆ ಒಟ್ಟು 40 ಮಿ.ಮೀ. ಸರಿದಾಟವಿದೆ ಎನ್ನಿ. ರಬ್ಬರಿನ ದಪ್ಪ 2 ಮಿ.ಮೀ. ಇದ್ದರೆ, ಮಡಿಕೆಯ ಎರಡು ಪದರಗಳ 4 ಮಿ.ಮೀ. ಮತ್ತು ನಡುವಿನ ಸಂದಿನ 1 ಮಿ.ಮೀ. ಸೇರಿ ಒಂದು ಮಡಿಕೆ ಕುಗ್ಗಿದಾಗ 5 ಮಿ.ಮೀ. ಆಗುತ್ತದೆ. ಅದು 12 ಮಿ.ಮೀ.ವರೆಗೆ ಹಿಗ್ಗಬಲ್ಲುದಾದರೆ ಎಂಟು ಮಡಿಕೆಗಳ ಕವಚವು 40ರಿಂದ 96 ಮಿ.ಮೀ.ವರೆಗೆ ಆಡುತ್ತದೆ. ನ್ಯೂಟ್ರಲ್‌ನಲ್ಲಿ 68 ಮಿ.ಮೀ.ಗೆ ಕೂರಿಸಿದರೆ ಕೆಲಸದಲ್ಲಿ 48ರಿಂದ 88ರ ನಡುವೆಯೇ ಇರುತ್ತದೆ. ಆರು ಮಡಿಕೆಗಳೂ ಲೆಕ್ಕಕ್ಕೆ ಸಾಲುತ್ತವೆ. ಆದರೆ ಪ್ರತಿ ಸಲವೂ ತುದಿಯವರೆಗೆ ಎಳೆಸಿಕೊಳ್ಳುವ ರಬ್ಬರು ಬಾಳುವುದಿಲ್ಲ.

ಇನ್ನು ವಸ್ತುವಿನ ಆಯ್ಕೆ. ನೈಸರ್ಗಿಕ ರಬ್ಬರು ಚೆನ್ನಾಗಿ ಹಿಗ್ಗುತ್ತದೆ, ಆದರೆ ಓಝೋನ್ ತಾಗಿ ಬಿರಿಯುತ್ತದೆ, ಎಣ್ಣೆಗೆ ಉಬ್ಬುತ್ತದೆ. ಕೃತಕ ರಬ್ಬರುಗಳಲ್ಲಿ ನೈಟ್ರೈಲ್ ಎಣ್ಣೆಯನ್ನು ತಡೆಯುತ್ತದೆ, ಬಿಸಿಲು ಮತ್ತು ಓಝೋನನ್ನು ತಡೆಯದು. ಇಪಿಡಿಎಂ ಇದಕ್ಕೆ ಸರಿಯಾಗಿ ವಿರುದ್ಧ. ನಿಯೋಪ್ರೀನ್ ಎರಡರಲ್ಲೂ ಮಧ್ಯಮವಾಗಿರುವುದರಿಂದ ಗೇರ್‌ಬಾಕ್ಸಿನ ಬಳಿಯ ಕವಚಕ್ಕೆ ಅದೇ ಸೂಕ್ತವೆಂದು ನನ್ನ ಅಭಿಪ್ರಾಯ. ಮನೆಯಲ್ಲಿ ಅಚ್ಚು ಹೊಯ್ಯಲು ಒದಗುವುದು ಮಾತ್ರ ಹೆಚ್ಚಾಗಿ ಪಾಲಿಯುರೆಥೇನ್ ಅಥವಾ ಸಿಲಿಕೋನ್. ಪಾಲಿಯುರೆಥೇನ್‌ನಲ್ಲಿ ಪಾಲಿಯೆಸ್ಟರ್ ಮೂಲದ್ದು ಬಿಸಿ ತೇವದಲ್ಲಿ ನಿಧಾನವಾಗಿ ಒಡೆದು ಅಂಟಂಟಾಗುತ್ತದೆ. ನಮ್ಮ ಕಡೆಗೆ ಪಾಲಿಈಥರ್ ಮೂಲದ್ದನ್ನೇ ಕೇಳಿ ಕೊಳ್ಳಬೇಕು. ಸಿಲಿಕೋನ್ ಶಾಖವನ್ನು ತಾಳಿದರೂ ಸಣ್ಣ ಗೀರು ಬಿದ್ದರೆ ಸಾಕು, ಹರಿಯುತ್ತಾ ಹೋಗುತ್ತದೆ. ಗ್ರೀಸನ್ನೂ ರಬ್ಬರಿಗೆ ತಕ್ಕಂತೆ ಆರಿಸಬೇಕು: ಖನಿಜ ತೈಲದ ಗ್ರೀಸು ಇಪಿಡಿಎಂ ಅನ್ನು ಉಬ್ಬಿಸುತ್ತದೆ, ಸಿಲಿಕೋನ್ ಗ್ರೀಸು ಸಿಲಿಕೋನ್ ರಬ್ಬರನ್ನು ಉಬ್ಬಿಸುತ್ತದೆ.

ಬುಶ್‌ಗಳ ವಿಷಯದಲ್ಲಿ ಕರಾವಳಿಯ ಹವೆ ಇನ್ನಷ್ಟು ಕಟುವಾದ ಪರೀಕ್ಷಕ. ನೈಲಾನ್ 6 ಗಾಳಿಯ ತೇವವನ್ನು ಹೀರುತ್ತದೆ. ನೀರಿನಲ್ಲಿ ಪೂರ್ತಿ ನೆನೆದಾಗ ತೂಕದ ಸುಮಾರು ಶೇ. 9ರಷ್ಟು. ಹೀರಿದ ಪ್ರತಿ ಶೇ. 1 ನೀರಿಗೆ ಅಳತೆಯು ಸುಮಾರು ಶೇ. 0.2ರಿಂದ 0.3ರಷ್ಟು ಬೆಳೆಯುತ್ತದೆ. ಶೇ. 5ರಷ್ಟು ಹೀರಿದರೂ 20 ಮಿ.ಮೀ. ಬುಶ್ಶು 0.2ರಿಂದ 0.3 ಮಿ.ಮೀ. ಉಬ್ಬುತ್ತದೆ, ಹೊರಗಡೆ ಲೋಹದ ಗೂಡು ಬಿಗಿಯಾಗಿರುವಾಗ ಈ ಹಿಗ್ಗು ಒಳರಂಧ್ರವನ್ನು ಕಿರಿದಾಗಿಸುತ್ತದೆ. ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಲೇತಿನಲ್ಲಿ ಕಡೆದು ನಯವಾಗಿ ಜಾರುತ್ತಿದ್ದ ನೈಲಾನ್ ಬುಶ್ಶು ಜುಲೈಯಲ್ಲಿ ಕಾರವಾರದಲ್ಲಿ ರಾಡನ್ನು ಹಿಡಿದುಕೊಳ್ಳುವುದು ಇದೇ ಕಾರಣಕ್ಕೆ. ಪೂರ್ತಿ ನೆನೆದರೂ ಶೇ. 1ರಷ್ಟನ್ನೂ ಹೀರದ ಅಸೆಟಾಲನ್ನು ಬಳಸಿದರೆ ಈ ತೊಡಕಿಲ್ಲ.

ಅಚ್ಚು ಹೊಯ್ಯುವ ಕೆಲಸವನ್ನು ಮಳೆಗಾಲದಲ್ಲಿ ಇಟ್ಟುಕೊಳ್ಳದಿರುವುದೇ ಲೇಸು. ಪಾಲಿಯುರೆಥೇನ್‌ನ ಐಸೊಸೈನೇಟ್ ಭಾಗವು ನೀರಿನೊಡನೆ ಸೇರಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟಿ, ಎರಕದೊಳಗೆಲ್ಲ ಗುಳ್ಳೆಗಳೇಳುತ್ತವೆ. ಅಚ್ಚನ್ನು ಬೆಚ್ಚಗೆ ಒಣಗಿಸಿ, ತೆರೆದ ಡಬ್ಬಿಯನ್ನು ಆದಷ್ಟು ಬೇಗ ಮುಚ್ಚಬೇಕು. ಕೈಗವಸು, ಕನ್ನಡಕ ಮತ್ತು ಗಾಳಿಯಾಡುವ ಜಾಗವಂತೂ ಕಡ್ಡಾಯ. ಪ್ಲಾಟಿನಂ ವೇಗವರ್ಧಕದ ಸಿಲಿಕೋನ್ ಆದರೆ ಗಂಧಕ ತಾಗಿದಲ್ಲಿ ಗಟ್ಟಿಯಾಗುವುದೇ ಇಲ್ಲವಾದ್ದರಿಂದ ಲೇಟೆಕ್ಸ್ ಕೈಗವಸನ್ನೂ ಗಂಧಕವುಳ್ಳ ಮಾದರಿ ಜೇಡಿಯನ್ನೂ ದೂರವಿಡಬೇಕು. ಹೊರ ಅಚ್ಚು ಎರಡು ಹೋಳು, ಒಳಗೊಂದು ತಿರುಳು. ಗಟ್ಟಿಯಾದ ಕವಚವನ್ನು ತಿರುಳಿನಿಂದ ಬಿಡಿಸಲು ಕಂಪ್ರೆಸರಿನ ಗಾಳಿಯನ್ನು ಅಂಚಿನಿಂದ ಸ್ವಲ್ಪವೇ ಊದಿದರೆ ಸಾಕು.

ಕವಚದ ಅತಿ ತಗ್ಗಿನ ಮಡಿಕೆಯಲ್ಲಿ 3 ಮಿ.ಮೀ. ರಂಧ್ರ ಬಿಡುವುದನ್ನು ಅನೇಕರು ಒಪ್ಪುವುದಿಲ್ಲ. ಆದರೆ ಬೆಲ್ಲೋಸ್ ಪ್ರತಿ ಸಲ ಹಿಗ್ಗಿದಾಗಲೂ ಗಾಳಿಯನ್ನು ಎಳೆಯುತ್ತದೆ, ಗಾಳಿಯೊಂದಿಗೆ ತೇವವೂ ಬರುತ್ತದೆ. ಹೊರಹೋಗಲು ದಾರಿಯಿಲ್ಲದಿದ್ದರೆ ಉಪ್ಪುನೀರು ಒಳಗೇ ನಿಂತು ರಾಡನ್ನು ತಿನ್ನುತ್ತದೆ. ಕ್ಲಿಪ್‌ಗಳು 316 ದರ್ಜೆಯ ಸ್ಟೇನ್‌ಲೆಸ್ ಆಗಿರಲಿ.

ಕೂರಿಸಿದ ಮೇಲೆ ಎಂಜಿನ್ ಚಾಲೂ ಮಾಡದೆ ಎಲ್ಲ ಗೇರುಗಳನ್ನೂ ಹಾಕಿ ನೋಡಬೇಕು. 914ರಲ್ಲಿ ಮೊದಲ ಗೇರು ಎಡಕ್ಕೆ ಹಿಂದೆ, ರಿವರ್ಸ್ ಎಡಕ್ಕೆ ಮುಂದೆ, ಐದನೆಯದು ಬಲಕ್ಕೆ ಹಿಂದೆ ಬೀಳುತ್ತದೆ. ರಾಡು ಒಂದು ಕಡೆಗೆ ಅತಿ ಹೆಚ್ಚು ತಿರುಗುವುದು ಮೊದಲನೆಯದು ಮತ್ತು ರಿವರ್ಸ್‌ನಲ್ಲಿ, ಇನ್ನೊಂದು ಕಡೆಗೆ ಐದನೆಯದರಲ್ಲಿ. ಈ ಮೂರರಲ್ಲೂ ಮಡಿಕೆಗಳು ಹಿಂಡಿಕೊಳ್ಳದೆ ನೇರವಾಗಿ ನಿಂತರೆ ಉಂಗುರ ಸರಿಯಾಗಿ ಕೂತಿದೆ. ಒಂದರಲ್ಲಾದರೂ ಸೊಟ್ಟಗಾದರೆ ಉಂಗುರದ ರಂಧ್ರವನ್ನು ಸ್ವಲ್ಪ ಸಡಿಲಿಸಬೇಕು.