‘ಕ್ಷಮಿಸಿಬಿಡು’ ಅನ್ನುವ ಮೊದಲು

ಆಕೆ ಪ್ರಾರ್ಥನೆಯ ಮೊದಲ ಸಾಲನ್ನೇ ನುಂಗಿಬಿಡುತ್ತಿದ್ದರು. ಚರ್ಚಿನ ಸಭೆಯಲ್ಲಿ ಎಲ್ಲರೂ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಶುರು ಮಾಡುವಾಗ ಇವರು ತುಟಿ ಬಿಗಿಹಿಡಿದು, ‘ನಿನ್ನ ನಾಮವು’ ಎಂಬಲ್ಲಿಂದ ದನಿ ಸೇರಿಸುತ್ತಿದ್ದರು. “ಎಷ್ಟೋ ವರ್ಷದಿಂದ ಹೀಗೇ ಮೇಡಂ. ಪಕ್ಕದಲ್ಲಿ ನಿಂತವರಿಗೂ ಗೊತ್ತಾಗಿಲ್ಲ” ಎಂದರು. ಬಾಲ್ಯದಲ್ಲಿ ಅವರ ಮೇಲೆ ದೌರ್ಜನ್ಯ ಮಾಡಿದ್ದು ಹೆತ್ತ ತಂದೆ. (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.)

ನನ್ನ ಬಳಿ ಆಪ್ತಸಮಾಲೋಚನೆಗೆ ಬರುವ ಕ್ರೈಸ್ತ ವಿಶ್ವಾಸಿಗಳಲ್ಲಿ ಹೆಚ್ಚಿನವರು ಒಂದು ಮಾತನ್ನು ಆಗಲೇ ಕೇಳಿಸಿಕೊಂಡು ಬಂದಿರುತ್ತಾರೆ. ‘ಕ್ಷಮಿಸಿಬಿಡು, ಏಳೆಪ್ಪತ್ತು ಸಲ ಕ್ಷಮಿಸು ಅಂತ ಯೇಸುವೇ ಹೇಳಿಲ್ವಾ?’ ಹೇಳಿದ್ದಾರೆ, ನಿಜ. ಅದು ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯ. ಅದೇ ಅಧ್ಯಾಯದಲ್ಲಿ, ಚಿಕ್ಕವರನ್ನು ಎಡವಿಸುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರದಲ್ಲಿ ಮುಳುಗಿಸುವುದೇ ಅವನಿಗೆ ಲೇಸು ಎಂಬ ಮಾತೂ ಇದೆ. ತಪ್ಪು ಮಾಡಿದವನು ಕೇಳದಿದ್ದರೆ ಸಾಕ್ಷಿಗಳನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು ಎಂದೂ ಇದೆ. ಆ ಭಾಗ ಯಾಕೋ ಯಾರ ಬಾಯಲ್ಲೂ ಬರುವುದಿಲ್ಲ.

ಆಘಾತ ಉಳಿಯುವುದು ಬರೀ ನೆನಪಿನಲ್ಲಲ್ಲ, ಮೈಯಲ್ಲೂ. ಅಪಾಯ ಮುಗಿದಿದೆ ಎಂಬ ಸುದ್ದಿ ಮೈಗೆ ಇನ್ನೂ ಮುಟ್ಟಿರುವುದಿಲ್ಲ. ಒಂದು ವಾಸನೆ, ಹಿಂದಿನಿಂದ ಬಂದ ಹೆಜ್ಜೆ ಸದ್ದು ಸಾಕು, ಎದೆ ಹೊಡೆದುಕೊಳ್ಳುತ್ತದೆ, ಕೈಕಾಲು ತಣ್ಣಗಾಗುತ್ತದೆ. ಇದನ್ನು ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಒತ್ತಡದ ಕಾಯಿಲೆ) ಎಂಬ ಹೆಸರಿನಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಸೇರಿಸಿಕೊಂಡಿದ್ದೇ 1980ರಲ್ಲಿ. ಇಂಥವರಿಗೆ ಕಣ್ಣು ಮುಚ್ಚಿ ಪ್ರಾರ್ಥಿಸುವುದೇ ಕಷ್ಟ. ಕತ್ತಲಾದ ಕೂಡಲೇ ಅವರು ಹಳೇ ಕೋಣೆಗೆ ವಾಪಸ್ ಹೋಗಿರುತ್ತಾರೆ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಕೆಲಸ ಶುರು ಮಾಡಿದ ಹೊಸತರಲ್ಲಿ ಒಬ್ಬರ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಲು ಹೋದೆ. ಕೇಳಿರಲಿಲ್ಲ. ಅವರು ಕುರ್ಚಿಯಲ್ಲೇ ಮರಗಟ್ಟಿದರು, ಉಸಿರೂ ಬಿಡಲಿಲ್ಲ. ‘ಆಮೆನ್’ ಮಾತ್ರ ಹೇಳಿದರು. ಮತ್ತೆ ಬರಲಿಲ್ಲ. ಈಗ ಮೊದಲು ಕೇಳುತ್ತೇನೆ: ಪ್ರಾರ್ಥಿಸಬಹುದಾ? ಕಣ್ಣು ತೆರೆದೇ ಇರಲಾ? ಬಾಗಿಲ ಕಡೆ ಮುಖ ಮಾಡಿ ಕೂರ್ತೀರಾ? ‘ಬೇಡ’ ಎಂದರೆ ಖುಷಿಯಾಗುತ್ತದೆ. ಒಂದು ಕಾಲದಲ್ಲಿ ಅವರ ‘ಬೇಡ’ಕ್ಕೆ ಬೆಲೆಯೇ ಇರಲಿಲ್ಲ, ಅಲ್ವಾ?

ಬೈಬಲ್ ಈ ವಿಷಯವನ್ನು ಮುಚ್ಚಿಡುವುದಿಲ್ಲ. ಎರಡನೇ ಸಮುವೇಲ 13ನೇ ಅಧ್ಯಾಯ ಓದಿ. ರಾಜ ದಾವೀದನ ಮಗಳು ತಾಮಾರಳ ಮೇಲೆ ಮಲ ಅಣ್ಣ ಅಮ್ನೋನ ಅತ್ಯಾಚಾರ ಮಾಡುತ್ತಾನೆ. ಅವಳು ತಲೆಗೆ ಬೂದಿ ಸುರಿದುಕೊಂಡು, ಬಟ್ಟೆ ಹರಿದುಕೊಂಡು, ಗಟ್ಟಿಯಾಗಿ ಅಳುತ್ತಾ ನಡೆಯುತ್ತಾಳೆ. ಒಡಹುಟ್ಟಿದ ಅಬ್ಷಾಲೋಮ ಹೇಳುವುದೇನು? ಸುಮ್ಮನಿರು ತಂಗಿ, ಅವನು ನಿನ್ನ ಅಣ್ಣ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ದಾವೀದನಿಗೆ ವಿಪರೀತ ಸಿಟ್ಟು ಬರುತ್ತದೆ, ಆದರೆ ಮಗನನ್ನು ಏನೂ ಮಾಡುವುದಿಲ್ಲ. ಇಲ್ಲಿಗೆ ಬಂದವರಿಗೆ ಇದನ್ನು ಓದಿ ಹೇಳಿದಾಗ ಎಷ್ಟೋ ಜನ ‘ಇದು ನಮ್ಮ ಮನೇದೇ ಕಥೆ’ ಎಂದಿದ್ದಾರೆ.

ಆಮೇಲೆ ಬೈಬಲಿನ ಕೀರ್ತನೆಗಳಿಗೆ ಬರುತ್ತೇವೆ. 55ನೆಯದರಲ್ಲಿ ದ್ರೋಹ ಮಾಡಿದವನು ವೈರಿಯಲ್ಲ, ದೇವಾಲಯಕ್ಕೆ ಜೊತೆಗೆ ಹೋಗುತ್ತಿದ್ದ ಗೆಳೆಯ. 88ನೆಯದಂತೂ ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೊಂದು ಸ್ತೋತ್ರವೂ ಇಲ್ಲ. ದೇವರ ಮೇಲೆ ಸಿಟ್ಟಾಗುವುದು ಅವಿಶ್ವಾಸ ಎಂದುಕೊಂಡವರಿಗೆ ಇವು ದೊಡ್ಡ ನೆಮ್ಮದಿ.

ಕ್ಷಮೆ ಬೇಡ ಎನ್ನುತ್ತಿಲ್ಲ. ಅದು ಬರುವ ಹೊತ್ತಿಗೆ ಬರಲಿ. ಕ್ಷಮಿಸುವುದು ಬೇರೆ, ಅದೇ ಮನೆಗೆ ವಾಪಸ್ ಹೋಗುವುದು ಬೇರೆ. ಯೋಸೇಫನನ್ನು ನೋಡಿ. ತನ್ನನ್ನು ಗುಲಾಮನಾಗಿ ಮಾರಿದ್ದ ಅಣ್ಣಂದಿರು ಎದುರು ನಿಂತಾಗ ಮರೆಗೆ ಹೋಗಿ ಅತ್ತ, ಆದರೆ ತಾನು ಯಾರೆಂದು ಹೇಳಲಿಲ್ಲ. ಕಿರಿಯ ತಮ್ಮ ಬೆನ್ಯಾಮೀನನ ಬದಲು ತಾನೇ ಗುಲಾಮನಾಗಿರುತ್ತೇನೆ ಎಂದು ಆ ಅಣ್ಣಂದಿರಲ್ಲೊಬ್ಬನಾದ ಯೆಹೂದ ಬೇಡಿಕೊಳ್ಳುವವರೆಗೆ ಕಾದ. ಇವರು ನಿಜವಾಗಿ ಬದಲಾಗಿದ್ದಾರಾ ಎಂದು ಪರೀಕ್ಷೆ ಮಾಡಿದ. ಅಷ್ಟು ಹೊತ್ತಿಗೆ ಅಧಿಕಾರವೂ ಅವನ ಕೈಯಲ್ಲಿತ್ತು, ಇದು ಮರೆಯಬಾರದ ವಿಷಯ. ದೌರ್ಜನ್ಯ ಮಾಡಿದವನ ಜೊತೆ ಒಂದೇ ಸೂರಿನಡಿ ಇರುವವರಿಗೆ ಬೇಕಾಗಿರುವುದು ಮೊದಲು ಬೇರೆ ಜಾಗ. ಮಗು ಅಪಾಯದಲ್ಲಿದ್ದರೆ ಪೊಲೀಸ್ ದೂರು. ಸಭೆಯ ಮರ್ಯಾದೆ ಆಮೇಲಿನ ಮಾತು.

ಮಾತ್ರೆ ತಗೊಂಡರೆ, ಚಿಕಿತ್ಸೆಗೆ ಹೋದರೆ ನಂಬಿಕೆ ಕಮ್ಮಿ ಎಂಬ ಮಾತಿಗೆ ಜಾಸ್ತಿ ಉತ್ತರ ಬೇಕಿಲ್ಲ. ಅಪೊಸ್ತಲ ಪೌಲನ ಜೊತೆಗಿದ್ದ ಲೂಕ ವೈದ್ಯನೇ. ಸಾಯಬೇಕೆಂದು ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ, ಮಲಗಲು ಬಿಟ್ಟ, ಎಬ್ಬಿಸಿ ಮತ್ತೆ ತಿನ್ನಿಸಿದ.

ಮೊದಲು ಹೇಳಿದ ಆ ಹೆಣ್ಣುಮಗಳು ಈಗ ಆಘಾತದಿಂದ ಚೇತರಿಸಿಕೊಳ್ಳುವ ಚಿಕಿತ್ಸೆಯಲ್ಲಿದ್ದಾರೆ. ರಾತ್ರಿ ನಿದ್ದೆ ಬರುತ್ತಿದೆ. ಮನೆಯಲ್ಲಿ ಒಬ್ಬರೇ ಇದ್ದಾಗ ‘ನನ್ನ ಕುರುಬನೇ’ ಎಂದು ಪ್ರಾರ್ಥನೆ ಶುರು ಮಾಡುತ್ತಾರಂತೆ. ಸಭೆಯಲ್ಲಿ ಮಾತ್ರ ಮೊದಲ ಸಾಲಿಗೆ ಇನ್ನೂ ಮೌನ. ಅದನ್ನು ಯಾವಾಗ ಹೇಳ್ತೀರಿ ಎಂದು ನಾನು ಕೇಳಿಲ್ಲ.